ಇಲ್ಲದ ತಾರೀಖಿನಲ್ಲಿ ಸಿಕ್ಕ ಕಲ್ಲು

ತಾರೀಖು ತಪ್ಪಾಗಿ ಹೇಳಿದವರನ್ನು ತಿದ್ದುವುದು ಜಗಳಗಂಟತನವೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ನಾನರಿಯೆ. ನಮ್ಮ ಮನೆಯ ಶಾಸ್ತ್ರದಲ್ಲಂತೂ ಬರೆದಿದೆ. ಬರೆದಾಕೆ ನನ್ನ ಹೆಂಡತಿ.

2019ನೆಯ ಇಸವಿ ಅಕ್ಟೋಬರ್ 12, ಶನಿವಾರ, ಬೆಳಗ್ಗೆ ಹತ್ತು ಗಂಟೆ ಹದಿನೆಂಟು ನಿಮಿಷಕ್ಕೆ ನಾವು ಸಕುಟುಂಬರಾಗಿ ಆ ಗುಹೆಯ ಟಿಕೆಟ್ ಕಿಟಕಿಯನ್ನು ತಲುಪಿದೆವು. (ಸಕುಟುಂಬವೆಂದರೆ ನಾನು, ಹೆಂಡತಿ ಮತ್ತು ಹನ್ನೊಂದು ವರ್ಷ ಎರಡು ತಿಂಗಳ ಮೊಮ್ಮಗಳು. ಕಾರು ಓಡಿಸಿಕೊಂಡು ಬಂದ ಮಗಳು, "ಕತ್ತಲೆ ನೋಡೋಕೆ ಟಿಕೆಟ್ ಬೇರೆ ಬೇಕಾ?" ಎಂದು ಕಾರಿನಲ್ಲಿಯೇ ಕಣ್ಣು ಮುಚ್ಚಿ ಪುಕ್ಕಟೆಯಾಗಿ ಕತ್ತಲೆಯನ್ನು ನೋಡತೊಡಗಿದ್ದಳು.)

ಟಿಕೆಟ್ಟಿನ ಮೇಲೆ ಹನ್ನೊಂದನೆಯ ತಾರೀಖಿನ ಮೊಹರು ಬಿದ್ದಿತ್ತು. ಗುಮಾಸ್ತರು ಮೊಹರಿನ ಅಂಕಿಯನ್ನು ತಿರುಗಿಸಲು ಮರೆತಿದ್ದರು. ನಿನ್ನೆಯ ಟಿಕೆಟ್ ಹಿಡಿದು ಇಂದು ಒಳಗೆ ಹೋಗುವುದು ಕಾಲಗಣನೆಗೆ ಬಗೆಯುವ ದ್ರೋಹವೆಂದು ನಾನು ವಿನಯದಿಂದಲೇ ತಿಳಿಸಿದೆ. ವಿನಯವು ಇಪ್ಪತ್ತೆರಡು ನಿಮಿಷ ನಡೆಯಿತು. ಬೆನ್ನ ಹಿಂದಿನ ಸಾಲು ಗೇಟಿನವರೆಗೆ ಬೆಳೆದು, ಅಲ್ಲಿಂದ ನನ್ನ ವಂಶದ ಬಗ್ಗೆ ಕೆಲವು ವಿಚಾರಣೆಗಳೂ ಕೇಳಿಬಂದವು.

ಹೆಂಡತಿ ನನ್ನ ತೋಳು ಹಿಡಿದು ಎಳೆದಳು. "ರೀ, ಬನ್ನಿ ಈ ಕಡೆ. ಗುಹೆ ಒಳಗೆ ಹೋಗಿ ಆಚೆ ಬರೋವರೆಗೂ ಬಾಯಿ ಬಿಡದೆ ಇರೋಕೆ ಆಗತ್ತಾ ನಿಮ್ಮ ಕೈಲಿ?"

"ಬಾಯಿ ಬಿಡೋದು ಬಾಯಿಂದ. ಕೈಯಿಂದ ಅಲ್ಲ."

"ನೋಡಿದ್ಯೇನೇ?" ಎಂದು ಅವಳು ಮೊಮ್ಮಗಳ ಕಡೆ ತಿರುಗಿದಳು. "ಸರಿ, ಪಂದ್ಯ ಕಟ್ಟೋಣ. ನೀವು ಸುಮ್ಮನಿದ್ರೆ ಸಾಯಂಕಾಲ ನಿಮ್ಮ ಗಡಿಯಾರಗಳ ಹತ್ತಿರ ಹೋಗೋಣ. ಬಾಯಿ ಬಿಟ್ರೆ ನನ್ನ ತಂಗಿ ಮನೆಗೆ. ಮೂರು ದಿನ."

ಪಂದ್ಯದ ಗಾಂಭೀರ್ಯವನ್ನು ಓದುಗರು ಮನಗಾಣಬೇಕು. ಒಂದು ರಸ್ತೆಯ ತುದಿಯಲ್ಲಿ ನಾನೂರ ಹನ್ನೆರಡು ಗಡಿಯಾರಗಳ ವಸ್ತುಸಂಗ್ರಹಾಲಯ; 1987ರ ಆಗಸ್ಟ್ 4ರಂದು ಪತ್ರಿಕೆಯಲ್ಲಿ ಅದರ ವಿಷಯ ಓದಿದಂದಿನಿಂದ ನಾನು ಅದನ್ನು ಕನವರಿಸುತ್ತಿದ್ದೇನೆ. ಇನ್ನೊಂದು ರಸ್ತೆಯ ತುದಿಯಲ್ಲಿ ನನ್ನ ಷಡ್ಡಕರು. ಅವರ ಬಾಯಲ್ಲಿ ಜಗತ್ತಿನ ಸಕಲ ಘಟನೆಗಳೂ "ಅವತ್ತು ಒಂದಿನ" ನಡೆಯುತ್ತವೆ. ಯುದ್ಧವಾಗಲಿ, ಅವರ ಹಲ್ಲು ಕಿತ್ತದ್ದಾಗಲಿ, ಅವತ್ತು ಒಂದಿನ! ಮೂರು ದಿನ!

ನಾನು ಒಪ್ಪಿದೆ. ಮೊಮ್ಮಗಳು ತೀರ್ಪುಗಾರ್ತಿಯಾಗಿ ನಿಯಮ ವಿಧಿಸಿದಳು. "ಅಜ್ಜ, ಕೆಮ್ಮು ಮಾತಲ್ಲ. ಆದ್ರೆ ಅರ್ಥ ಇರೋ ಕೆಮ್ಮು ಮಾತು."

ಹನ್ನೊಂದಕ್ಕೆ ಸರಿಯಾಗಿ ಎಲ್ಲರ ತಲೆಗೂ ಹೆಲ್ಮೆಟ್ ಏರಿಸಿ, ರಬ್ಬರ್ ಬೂಟಿನ ಮಾರ್ಗದರ್ಶಿನಿಯೊಬ್ಬಳು ನಮ್ಮನ್ನು ಪಾತಾಳಪ್ರವೇಶ ಮಾಡಿಸಿದಳು. ಮೆಟ್ಟಿಲು ಜಾರುತ್ತಿದ್ದವು, ಕಂಬಿ ತಣ್ಣಗಿತ್ತು, ಚಾವಣಿಯಿಂದ ಹೆಲ್ಮೆಟ್ಟಿನ ಮೇಲೆ ಟಪ್ಪೆಂದು ನೀರು ಬೀಳುತ್ತಿತ್ತು.

"ಈ ಗುಹೆಗೆ ಲಕ್ಷಾಂತರ ವರ್ಷ ಆಗಿದೆ, ಹೆಚ್ಚೂ ಕಮ್ಮಿ," ಎಂದಳು ಮಾರ್ಗದರ್ಶಿನಿ.

ಹೆಚ್ಚೆಷ್ಟು? ಕಮ್ಮಿಯೆಷ್ಟು? ಪ್ರಶ್ನೆ ಗಂಟಲಿನವರೆಗೆ ಬಂದಿತು. ನುಂಗಿದೆ. ಅವಳು ಟಾರ್ಚ್ ಬಿಟ್ಟು ಬಿಟ್ಟು ಶಿಲಾರೂಪಗಳನ್ನು ತೋರಿಸಿದಳು. ಇದು ಆನೆ, ಇದು ಹೂಕೋಸು, ಇದು ಒಂಟೆ. (ಒಂಟೆಗೆ ಡುಬ್ಬವಿರಲಿಲ್ಲ. ಡುಬ್ಬವು ತಾರೀಖಲ್ಲವಾದ್ದರಿಂದ ಸಹಿಸಿದೆ.) "ಈ ಹೂಕೋಸನ್ನ ಆಗಿನ ಕಾಲದಲ್ಲೇ ಯಾರೋ ನೋಡಿದ್ರಂತೆ," ಎಂದಾಗ ಮಾತ್ರ ನನ್ನೊಳಗಿಂದ ಒಂದು ಕೆಮ್ಮು ಹೊರಟಿತು.

"ಅಜ್ಜಾ," ಎಂದಳು ಮೊಮ್ಮಗಳು. "ಆ ಕೆಮ್ಮಿಗೆ ಅರ್ಧ ಅರ್ಥ ಇತ್ತು."

ಇನ್ನು ಕೇಳಿಸಿಕೊಂಡರೆ ಅನಾಹುತವೆಂದು ಮನವರಿಕೆಯಾಯಿತು. ದಾರಿಯು ಅಲ್ಲಿಂದ ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುತ್ತದೆಂದು ಬಾಣದ ಗುರುತು ಹೇಳುತ್ತಿತ್ತು. ನಾನು ಮಂಡಿಯನ್ನು ತಟ್ಟಿ ತೋರಿಸಿ, ನೋವೆಂದು ಮೊಮ್ಮಗಳಿಗೆ ಸನ್ನೆ ಮಾಡಿ, ಗೋಡೆಯ ಗೂಡೊಂದರಲ್ಲಿ ಕುಳಿತುಬಿಟ್ಟೆ. ತಂಡ ಮುಂದೆ ಸಾಗಿತು, ದೀಪಗಳು ಆರಿದವು. ಬೂದು ಬಣ್ಣದ ಶಾಲನ್ನು ಹೆಲ್ಮೆಟ್ಟಿನ ಮೇಲಿಂದ ಮೊಣಕಾಲಿನವರೆಗೆ ಹೊದ್ದುಕೊಂಡೆ. ಆಹಾ! ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ!

ಒಂಬತ್ತು ನಿಮಿಷಗಳ ನಂತರ ತಂಡ ಮರಳಿತು. ಟಾರ್ಚಿನ ಬೆಳಕು ನೆಟ್ಟಗೆ ನನ್ನ ಮೇಲೆ ಬಿದ್ದಿತು.

"ಮೇಡಂ, ಇದ್ಯಾವ ಕಲ್ಲು? ಆಗ ತೋರಿಸಲೇ ಇಲ್ಲ!" ಎಂದನು ಕೊರಳಿಗೆ ಕ್ಯಾಮೆರಾ ತೂಗಿಸಿಕೊಂಡಿದ್ದ ದಡೂತಿ ಮನುಷ್ಯನೊಬ್ಬ.

ಮಾರ್ಗದರ್ಶಿನಿ ತಬ್ಬಿಬ್ಬಾದಳು. ಆದರೆ ತನ್ನ ಗುಹೆಯ ಕಲ್ಲು ತನಗೇ ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದುಂಟೇ? "ಇದು... ಇದು ಮುನಿಸಿಕೊಂಡ ಮುದುಕ," ಎಂದಳು.

ಜನ ಚಪ್ಪಾಳೆ ತಟ್ಟಿದರು. ಎದ್ದು ನಿಂತರೆ "ಯಾರು ನೀವು?" ಎಂದು ಕೇಳುತ್ತಾರೆ, ಕೇಳಿದರೆ ಉತ್ತರಿಸಬೇಕು, ಉತ್ತರಿಸಿದರೆ ಷಡ್ಡಕರು. ಉಸಿರು ಬಿಗಿಹಿಡಿದು ಶಿಲೆಯಾಗಿಯೇ ಉಳಿದೆ.

"ಎಷ್ಟು ಚೆನ್ನಾಗಿದೆ!" ಇದು ನನ್ನ ಹೆಂಡತಿಯ ದನಿ. "ಮೂಗು ಮಾತ್ರ ಸ್ವಲ್ಪ ಜಾಸ್ತಿ ಆಯ್ತು."

"ಸಾವಿರಾರು ವರ್ಷ ನೀರು ಬಿದ್ದೂ ಬಿದ್ದೂ ಹಾಗಾಗಿದೆ ಅಮ್ಮ," ಎಂದಳು ಮಾರ್ಗದರ್ಶಿನಿ.

"ಇದನ್ನ ಪತ್ತೆ ಮಾಡಿದ್ದು ಸಾವಿರದ ಒಂಬೈನೂರ ಎಪ್ಪತ್ತೊಂದು, ಫೆಬ್ರವರಿ ಇಪ್ಪತ್ತೊಂಬತ್ತು ಅಲ್ವಾ? ಆಚೆ ಬೋರ್ಡಲ್ಲಿ ಓದಿದ ಹಾಗಿತ್ತು."

"ಹೌದು ಹೌದು, ಅದೇ ತಾರೀಖು!"

ಫೆಬ್ರವರಿ ಇಪ್ಪತ್ತೊಂಬತ್ತು. ಎಪ್ಪತ್ತೊಂದರಲ್ಲಿ. ನಾಲ್ಕರಿಂದ ಭಾಗವಾಗದ ವರ್ಷದಲ್ಲಿ! ನಾಲಿಗೆ ಕಚ್ಚಿದೆ. ಗಡಿಯಾರಗಳನ್ನು ನೆನೆದೆ. ಆಗ ದಡೂತಿ ಮನುಷ್ಯ ಆ ತಾರೀಖನ್ನು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದನು. ಪೆನ್ನಿನಲ್ಲಿ!

"ಆ ವರ್ಷ ಫೆಬ್ರವರಿ ಇಪ್ಪತ್ತೆಂಟಕ್ಕೇ ಮುಗೀತು, ಭಾನುವಾರ!" ಎಂದು ಶಿಲೆಯು ಗರ್ಜಿಸಿತು. "ಮಾರನೇ ದಿನ ಸೋಮವಾರ, ಮಾರ್ಚ್ ಒಂದು! ಹೊಡೆದುಹಾಕ್ರೀ ಅದನ್ನ!"

ಮುಂದಿನದನ್ನು ವರ್ಣಿಸಲು ನಾನು ಅಸಮರ್ಥ. ದಡೂತಿ ಮನುಷ್ಯ ಅಷ್ಟು ಕಿರಿದಾದ ಮೆಟ್ಟಿಲುಗಳನ್ನು ಅಷ್ಟು ಶೀಘ್ರವಾಗಿ ಏರಿದ್ದು ಭೌತಶಾಸ್ತ್ರಕ್ಕೆ ಬಿಟ್ಟ ವಿಷಯ. ಅವನ ಹಿಂದೆ ತಂಡ, ತಂಡದ ಹಿಂದೆ ಮಾರ್ಗದರ್ಶಿನಿ. ನಿಂತಲ್ಲೇ ನಿಂತು ನಗುತ್ತಿದ್ದವರು ಇಬ್ಬರೇ.

ಹೊರಗೆ ಬಂದ ಮೇಲೆ ಕೇಳಿದೆ. "ಯಾವ ಬೋರ್ಡಲ್ಲಿ ಓದಿದೆ ನೀನು?"

"ಬೋರ್ಡೂ ಇಲ್ಲ, ಗೀರ್ಡೂ ಇಲ್ಲ. ನಿಮ್ಮ ಮೂಗನ್ನ ಗುರುತಿಸೋಕೆ ನನಗೆ ಟಾರ್ಚ್ ಬೇಕೇನ್ರೀ?"

"ಇದು ಮೋಸ!"

"ಮೋಸ ಮಾಡಬಾರದು ಅಂತ ನಿಯಮ ಇರಲಿಲ್ಲ ಅಜ್ಜ," ಎಂದಳು ತೀರ್ಪುಗಾರ್ತಿ.

ನನ್ನ ಮುಖ ನೋಡಿ ಹೆಂಡತಿಗೆ ಕನಿಕರ ಉಕ್ಕಿತು. "ಹೋಗ್ಲಿ ಪಾಪ, ಇನ್ನೊಂದು ಅವಕಾಶ. ಇಲ್ಲಿಂದ ಕಾರಿನವರೆಗೆ ಸುಮ್ಮನೆ ಬನ್ನಿ, ಗಡಿಯಾರಾನೇ ನೋಡೋಣ."

ಕಾರು ಅರವತ್ತು ಹೆಜ್ಜೆ ದೂರದಲ್ಲಿತ್ತು. ತುಟಿಗಳನ್ನು ಒಳಕ್ಕೆಳೆದುಕೊಂಡು ನಡೆದೆ. ಇಪ್ಪತ್ತು. ನಲವತ್ತು. ಐವತ್ತು. ನಾನೂರ ಹನ್ನೆರಡು ಗಡಿಯಾರಗಳು ಒಟ್ಟಿಗೆ ಹೊಡೆಯುವುದು ಕಿವಿಗೆ ಕೇಳಿಸಿತು. ಐವತ್ತೇಳು.

ಹೆಂಡತಿ ಮೊಮ್ಮಗಳ ಹೆಗಲ ಮೇಲೆ ಕೈಹಾಕಿ ನಿಟ್ಟುಸಿರಿಟ್ಟಳು. "ನಿಮ್ಮ ಅಜ್ಜನ್ನ ಕಟ್ಟಿಕೊಂಡು ನಲವತ್ತು ವರ್ಷ ಆಯ್ತು ಕಣೇ. ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು."

ಆಕಾಶ ನೋಡಿದೆ. ನೆಲ ನೋಡಿದೆ.

"ಮೂವತ್ತೊಂಬತ್ತು ವರ್ಷ, ನಾಲ್ಕು ತಿಂಗಳು, ಹತ್ತು ದಿನ!"

ಮೊಮ್ಮಗಳು ಕಾರಿನ ಬಾಗಿಲು ತೆರೆದು ಮಗಳನ್ನು ಅಲುಗಾಡಿಸಿದಳು. "ಅಮ್ಮಾ, ಏಳು. ಚಿಕ್ಕಜ್ಜಿ ಮನೆಗಂತೆ."