ಶುಭಕಾರ್ಯಕ್ಕೆ ಹೊರಡದ ಕಾರು

ಪರಮಾನಂದನ ಹಳೇ ಬಿಳಿ ಕಾರಿಗೆ ಒಂದು ಕೆಟ್ಟ ಚಾಳಿಯಿತ್ತು. ದಿನಾ ಬೆಳಿಗ್ಗೆ ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಹೊರಟರೆ ಕೀಲಿ ತಿರುಗಿಸುವುದೇ ತಡ, ಗುರ್ ಎಂದು ಚಾಲೂ ಆಗುತ್ತಿತ್ತು. ಸಂತೆಗೆ ಬರುತ್ತಿತ್ತು, ಹಿಟ್ಟಿನ ಗಿರಣಿಗೆ ಬರುತ್ತಿತ್ತು, ಯಾರದೋ ಮಣ್ಣಿಗೆ ಹೋಗುವಾಗಲೂ ತಕರಾರಿಲ್ಲದೆ ಬರುತ್ತಿತ್ತು. ಕನ್ಯೆ ನೋಡಲು ಹೊರಟ ದಿನ ಮಾತ್ರ ಎಷ್ಟು ಗೋಗರೆದರೂ ಏಳುತ್ತಿರಲಿಲ್ಲ.

ಎರಡು ಸಂಬಂಧ ಹೀಗೇ ತಪ್ಪಿದ್ದವು. ‘ಹೇಳಿದ ಹೊತ್ತಿಗೆ ಬರಲಾರದಾಂವ ನಾಳೆ ನಮ್ಮ ಹುಡುಗೀನ ಹೆಂಗ ನೋಡ್ಕೋತಾನ?’ ಎಂದು ಇಂಡಿ ಊರಿನವರು ಕೇಳಿದರು. ಮುದ್ದೇಬಿಹಾಳದವರು ಏನೂ ಕೇಳಲಿಲ್ಲ, ಸುಮ್ಮನೆ ಬೇರೆ ಕಡೆ ಕೊಟ್ಟರು. ವಿಚಿತ್ರವೆಂದರೆ ಎರಡು ಸಲವೂ ಬಿಸಿಲೇರಿದ ಮೇಲೆ ಕಾರು ತಾನಾಗಿಯೇ ಚಾಲೂ ಆಗಿತ್ತು. ಆಮೇಲೆ ಮೆಕ್ಯಾನಿಕ್ ಮೈಬೂಬನಿಗೆ ತೋರಿಸಿದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. “ಜಡ್ಡು ನೆಟ್ಟಗಾದ ಮ್ಯಾಲೆ ದವಾಖಾನಿಗಿ ತರ್ತೀರಿ ಸರ, ನಾ ಏನ್ ನೋಡ್ಲಿ?” ಎನ್ನುತ್ತಿದ್ದ.

ಇವತ್ತು ಮೂರನೆಯದು, ಆಲಮೇಲದ ವಿದ್ಯಾವತಿ. ಮೊದಲ ಎರಡು ತಪ್ಪಿದ್ದಕ್ಕೆ ಪರಮಾನಂದ ಅಷ್ಟೇನೂ ದುಃಖಪಟ್ಟಿರಲಿಲ್ಲ. ಇದು ಹಾಗಲ್ಲ. ಹಿಂದಿನ ವರ್ಷ ಶಿಕ್ಷಕರ ತರಬೇತಿಗೆಂದು ಸಿಂದಗಿಗೆ ಬಂದಿದ್ದ ಅವಳು ಒಂದು ಮಧ್ಯಾಹ್ನ ಗ್ರಂಥಾಲಯದೊಳಗೆ ಬಂದು, ಕಪಾಟುಗಳನ್ನೆಲ್ಲ ಒಮ್ಮೆ ನೋಡಿ, “ಇಲ್ಲಿ ಭಾಳ ಶಾಂತ ಐತ್ರಿ” ಎಂದಿದ್ದಳು. ಪರಮಾನಂದ ತಲೆಯಾಡಿಸಿದ್ದ, ಅಷ್ಟೆ. ಏನು ಉತ್ತರ ಹೇಳಬೇಕಿತ್ತೆಂದು ಮಳೆಗಾಲ ಮುಗಿಯುವವರೆಗೂ ಯೋಚಿಸಿದ. ಕೊನೆಗೆ ಸಿಕ್ಕಿತು. ‘ನೀವು ಹೋದ ಮ್ಯಾಲೆ ಅದು ಶಾಂತ ಅನಸವಲ್ದು, ಭಣಾಭಣಾ ಅನಸ್ತೈತಿ.’ ಅದನ್ನು ಹೇಳಲು ಈಗ ಅವಳ ಮನೆಗೇ ಹೋಗಬೇಕಿತ್ತು.

ಅವಳ ಸೋದರಮಾವ ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದ. “ಮಧ್ಯಾಹ್ನಕ್ಕ ಅಮಾಸಿ ಹತ್ತತೈತಿ. ಅದರೊಳಗ ಬಂದು ಮಾತು ಮುಗಿಸ್ರಿ. ಬಾಗೇವಾಡಿಯವ್ರೂ ಅವತ್ತ ಬರಾವ್ರದಾರ. ಯಾರು ಮನಸಿಗಿ ಬರ್ತಾರೋ ಅವರ ಹೆಸರಿಲೆ ಸಕ್ಕರಿ ಹಂಚಿ ಸಂಬಂಧ ಪಕ್ಕಾ ಮಾಡಿಬಿಡ್ತೀವಿ.”

ಪರಮಾನಂದ ಜಳಕ ಮುಗಿಸಿ ಬರುವಷ್ಟರಲ್ಲಿ ತಾಯಿ ಲಕ್ಕವ್ವ ಕಾರಿನ ಪೂಜೆ ಮುಗಿಸಿದ್ದಳು. ಮುಂದಿನ ಮೂತಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ. ಕೆಳಗೆ ನೆಲವೆಲ್ಲ ಒದ್ದೆ. ಅವಳ ತವರಿನಲ್ಲಿ ಶುಭಕಾರ್ಯಕ್ಕೆ ಗಾಡಿ ಹೂಡುವ ಮೊದಲು ಎತ್ತುಗಳ ಪೂಜೆ ತಪ್ಪಿಸುತ್ತಿರಲಿಲ್ಲವಂತೆ. ಎತ್ತು ಹೋಗಿ ಕಾರು ಬಂತೆಂದು ಪದ್ಧತಿ ಬಿಡುವ ಹೆಂಗಸಲ್ಲ ಲಕ್ಕವ್ವ.

ತಂದೆಯಿಲ್ಲದ ಹುಡುಗನ ಪರವಾಗಿ ಮಾತಾಡಲು ಪಕ್ಕದ ಮನೆಯ ಬಸಂತರಾಯ ಹೊರಟು ನಿಂತಿದ್ದ. ಆಲಮಟ್ಟಿ ಆಣೆಕಟ್ಟಿನ ಕೆಲಸದಲ್ಲಿ ಸುಪರವೈಜರ್ ಆಗಿ ನಿವೃತ್ತನಾದವನು. ತಲೆಗೆ ಜರಿಯ ರುಮಾಲು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತ ಮೇಲೆ ಅವನೇ ವರನಂತೆ ಕಾಣುತ್ತಿದ್ದ. ಲಕ್ಕವ್ವ ಹಿಂದಿನ ಸೀಟಿಗೆ ಹತ್ತಿದಳೋ ಇಲ್ಲವೋ, ಅಪ್ಪಣೆ ಕೊಟ್ಟ.

“ಹೂಂ, ಹೊಡಿ.”

ಪರಮಾನಂದ ಕೀಲಿ ತಿರುಗಿಸಿದ. ಕುಂಯ್ ಕುಂಯ್ ಕುಂಯ್. ಸಭೆಯಲ್ಲಿ ಮಾತಾಡಲು ಎದ್ದು ನಿಂತು, ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಮಾತೇ ಬಾರದೆ ಕೂತುಬಿಡುವವನ ಹಾಗೆ ಕಾರು ಸುಮ್ಮನಾಯಿತು. ಅಂಥವನು ಯಾರೆಂದು ಪರಮಾನಂದನಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಮ್ಮೆ ತಿರುಗಿಸಿದ. ಕುಂಯ್.

ಎದುರು ಮನೆಯ ಪೀರಬಿ ಆಗಲೇ ಕೆಂಪು ಮೆಣಸಿನಕಾಯಿ, ಉಪ್ಪು ಹಿಡಿದುಕೊಂಡು ಬಂದಳು. “ನದರು ಆಗೈತಿ ಲಕ್ಕವ್ವಕ್ಕ. ನಮ್ಮ ಓಣಿ ಕಣ್ಣು ಭಾಳ ಕೆಟ್ಟದ್ದು. ನಂದೂ ಸೇರಿ.” ಕಾರಿನ ಸುತ್ತ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ಕಾರೊಂದೇ ಕೆಮ್ಮಲಿಲ್ಲ.

ಸುದ್ದಿ ಕೇಳಿ ಮೈಬೂಬ ಪಾನಾ, ಸ್ಕ್ರೂಡ್ರೈವರಿನ ಚೀಲದೊಂದಿಗೆ ಓಡಿಬಂದ. ಅವನ ಮುಖದ ಮೇಲೆ ಹಬ್ಬವಿತ್ತು. “ಇವತ್ತ ಜಡ್ಡಿನ್ಯಾಗ ಸಿಕ್ತು ನೋಡ್ರಿ ಮಗಂದು!” ಪ್ಲಗ್ಗು ಬಿಚ್ಚಿ ಒರೆಸಿ ಹಾಕಿದ. ಆಗಲಿಲ್ಲ. ಅದೇ ಓಣಿಯ ಗುರಣ್ಣನ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸಿದ. ಆಗಲಿಲ್ಲ. “ಪ್ಲಗ್ಗಿಗಿ ಕರೆಂಟ ಬರವಲ್ದು” ಎಂದು, ಕರೆಂಟು ಹಂಚುವ ಕಪ್ಪು ಮುಚ್ಚಳಕ್ಕೆ ಕೈಹಾಕಿದ.

“ಅದನ್ನೇನ್ ಬಿಚ್ಚತೀಯೋ ಈಗ?” ಬಸಂತರಾಯ ಒಳಗಿನಿಂದಲೇ ಗುಡುಗಿದ. “ನಾ ಡ್ಯಾಮಿನ ಮ್ಯಾಲೆ ಇಪ್ಪತ್ತು ಜೀಪು ಆಳಿದಾಂವ. ನೂಕಿದ್ರ ಎಂಥಾ ಗಾಡೀನೂ ಏಳ್ತೈತಿ. ನೂಕ್ರಿ!”

ಮೈಬೂಬ ಪರಮಾನಂದನ ಮುಖ ನೋಡಿದ. ಪರಮಾನಂದ ಏನಾದರೂ ಹೇಳಬಹುದಿತ್ತು. ಸ್ಟೇರಿಂಗು ಮೈಬೂಬನ ಕೈಗೆ ಬಿಟ್ಟು, ಇಳಿದು ನೂಕತೊಡಗಿದ.

ಓಣಿಯೇ ಸೇರಿ ನೂಕಿತು. ಬಸಂತರಾಯ ಮಾತ್ರ ರುಮಾಲು ಕೆಡುತ್ತದೆಂದು ಇಳಿಯಲಿಲ್ಲ. ಕಾರು ಓಣಿ ದಾಟಿ ಆಲಮೇಲದ ರಸ್ತೆಗೆ ಬಂದು, ನಟ್ಟನಡುವೆ ಅಡ್ಡಲಾಗಿ, ದಣಿದ ಎಮ್ಮೆಯಂತೆ ನಿಂತುಬಿಟ್ಟಿತು. ಹಿಂದಿನಿಂದ ಆಲಮೇಲದ ಬಸ್ಸು ಹಾರ್ನು ಹೊಡೆಯುತ್ತ ಬಂದು ನಿಂತಿತು.

“ಏನ್ರಿ ಸಾಹೇಬ್ರ,” ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದ, “ನಿಮ್ಮ ಕಾರು ನೂಕಿದವ್ರಿಗಿ ನಾ ಟಿಕೇಟಿನ ರೊಕ್ಕದಾಗ ಸೋಡಿ ಬಿಡಬೇಕೇನ್ರಿ?”

ನಾಲ್ಕಾರು ಜನ ನಗುತ್ತ ಇಳಿದರು. ಅವರಲ್ಲೊಬ್ಬ ತೆಳ್ಳನೆಯ ತರುಣ, ಮಡಿಕೆ ಮುರಿಯದ ಹೊಸ ಬಿಳಿ ಅಂಗಿ ಹಾಕಿದ್ದ. ಎಲ್ಲರಿಗಿಂತ ಜೋರಾಗಿ ನೂಕಿದವನು ಅವನೇ. ಕಾರು ಚಾಲೂ ಆಗಲಿಲ್ಲ, ರಸ್ತೆಯ ಪಕ್ಕದ ಬೇವಿನ ಮರದಡಿಗೆ ಸರಿಯಿತು ಅಷ್ಟೆ. ಅವನ ಕೈಕುಲುಕಿ ಉಪಕಾರ ಹೇಳಲು ಹೋದ ಪರಮಾನಂದನ ಕಾಲು ಜಾರಿ, ಗ್ರೀಸು ಹತ್ತಿದ ಐದೂ ಬೆರಳು ಆ ಬಿಳಿ ಅಂಗಿಯ ಎದೆಯ ಮೇಲೆ ಮೂಡಿದವು.

“ಅಯ್ಯೋ, ತಪ್ಪಾತ್ರಿ...”

“ಇರ್ಲಿ ಬಿಡ್ರಿ ಸರ, ಅಂಗಿ ತೊಳಿಯಾಕ ಬರ್ತೈತಿ.” ಆ ತರುಣ ನಕ್ಕ. “ಎಲ್ಲಿಗಿ ಹೊಂಟೀರಿ? ಆಲಮೇಲಕ್ಕ? ನಾನೂ ಅಲ್ಲಿಗೇ. ಬಸ್ಸಿನ್ಯಾಗ ಜಾಗಾ ಐತಿ, ಬರ್ರಿ.”

ಪರಮಾನಂದ ಬಸ್ಸಿನ ಕಿಟಕಿಗಳನ್ನು ನೋಡಿದ. ಮೂರು ಸೀಟು ಖಾಲಿ ಇದ್ದವು. ‘ಬರ್ತೇವ್ರಿ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಕಾರಿದ್ದವ್ರು ಬಸ್ಸಿಗಿ ಯಾಕ ಬರ್ತಾರೋ ತಮ್ಮಾ?” ಬಸಂತರಾಯ ಕಿಟಕಿಯಿಂದ ತಲೆ ಹಾಕಿದ. “ಹುಡುಗಗ ಸ್ವಂತ ಕಾರೈತಿ ಅಂತ ಹೇಳಿ ಕಳಿಸೀನಿ. ಬಸ್ಸಿನ್ಯಾಗ ಇಳದ್ರ ನನ್ನ ಮಾತಿಗಿ ಏನ್ ಕಿಮ್ಮತ್ತು ಉಳೀತು?”

ಬಸ್ಸು ಧೂಳೆಬ್ಬಿಸಿ ಹೋಯಿತು. ನಾಲಿಗೆಯ ತುದಿಯ ಮಾತನ್ನು ಪರಮಾನಂದ ಧೂಳಿನ ಜೊತೆ ನುಂಗಿಕೊಂಡ.

ಬೇವಿನ ನೆರಳು ಮರದ ಬುಡಕ್ಕೆ ಸರಿಯಿತು. ಬಾನೆಟ್ಟಿನ ಮೇಲೆ ಬಿಸಿಲು ಬಿದ್ದು ತಗಡು ಹಂಚಿನಂತೆ ಕಾದಿತು. ಬೇಸರಕ್ಕೆ ಒಮ್ಮೆ ಕೀಲಿ ತಿರುಗಿಸಿದ ಪರಮಾನಂದ. ಗುರ್!

“ನಾ ಪ್ಲಗ್ಗು ಒರಸಿದ್ದು ಈಗ ಹತ್ತೇತಿ” ಎಂದ ಮೈಬೂಬ. “ನೂಕಿದ್ರ ಏಳ್ತೈತಿ ಅನ್ನಲಿಲ್ಲೇನು?” ಎಂದ ಬಸಂತರಾಯ. ಪೀರಬಿ ಮೆಣಸಿನಕಾಯಿ ಸುಟ್ಟವಳ ಗತ್ತಿನಲ್ಲಿ ಮನೆಗೆ ಹೋದಳು.

ಆಲಮೇಲ ಮುಟ್ಟಿದಾಗ ಅಮಾವಾಸ್ಯೆ ಹತ್ತಿ ಬಹಳ ಹೊತ್ತಾಗಿತ್ತು. ಕಟ್ಟೆಯ ಮೇಲೆ ಹಾಸಿದ ಜಮಖಾನೆಯ ನಡುವೆ ಆ ತೆಳ್ಳನೆಯ ತರುಣ ಕೂತಿದ್ದ. ಎದೆಯ ಮೇಲೆ ಪರಮಾನಂದನ ಐದು ಬೆರಳು. ಕೈಯಲ್ಲಿ ಸಕ್ಕರೆಯ ಪೊಟ್ಟಣ.

“ಅರೆ ಸರ!” ಅವನು ಸಂತೋಷದಿಂದ ಎದ್ದೇಬಿಟ್ಟ. “ಕಾರು ಚಾಲೂ ಆತೇನ್ರಿ?”

ಆ ಕಾರು ಇವರದೇ ಎಂದು ಸೋದರಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಸಂಕೋಚಪಡಲಿಲ್ಲ. “ಅಮಾಸಿ ಹತ್ತೂತನಾ ದಾರಿ ನೋಡಿದ್ವಿ ಬಸಂತರಾಯರ. ಈ ಬಾಗೇವಾಡಿ ಕಲ್ಮೇಶ ನೋಡ್ರಿ, ಕನ್ಯಾ ನೋಡಾಕ ಹೊಂಟಾಂವ ದಾರ್ಯಾಗ ಗುರ್ತಿಲ್ಲದವ್ರ ಕಾರು ನೂಕಿ ಹೊಸ ಅಂಗಿ ಹೊಲಸು ಮಾಡ್ಕೊಂಡು ಬಂದ. ನಮಗ ಮನಸಿಗಿ ಬಂದಿದ್ದು ಆ ಅಂಗೀನ. ಬರ್ರಿ, ನೀವೂ ಬಾಯಿ ಸಿಹಿ ಮಾಡ್ಕೋರಿ.”

ವಿದ್ಯಾವತಿ ಚಹಾ ತಂದಳು. ಪರಮಾನಂದನ ಮುಂದೆ ಕಪ್ಪು ಇಡುವಾಗ ಗುರುತು ಹಿಡಿದು, ಮೆಲ್ಲಗೆ, “ನಿಮ್ಮ ಲೈಬ್ರರಿ ಭಾಳ ಶಾಂತ ಇತ್ರಿ” ಎಂದಳು.

“ಹೌದ್ರಿ” ಎಂದ ಪರಮಾನಂದ.

ಮರಳುವಾಗ ಬಸಂತರಾಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ನಿದ್ದೆಹೋದ. ಕಬ್ಬಿನ ಹೊಲಗಳ ನಡುವೆ ಒಂದು ಕಡೆ ಪರಮಾನಂದ ಕಾರು ನಿಲ್ಲಿಸಿ ಇಳಿದ. ಯಾರ ಮುಖವೂ ಕಾಣಬಾರದೆಂದೇ ಬಾನೆಟ್ಟು ಎತ್ತಿದ. ಮೈಬೂಬ ಕೈಹಾಕಿ ಬಿಟ್ಟಿದ್ದ ಕಪ್ಪು ಮುಚ್ಚಳ ಕಣ್ಣಿಗೆ ಬಿತ್ತು. ಎರಡು ಕ್ಲಿಪ್ಪು ಸರಿಸಿ ತೆಗೆದ. ಅಂಚಿನಲ್ಲಿ ಒಂದು ಸೀಳು, ಸೀಳಿಗೆ ಅಂಟಿ ಒಣಗಿದ ಚೆಂಡುಹೂವಿನ ಎಸಳು. ಒಳಗೆಲ್ಲ ನೀರು ಇಳಿದು ಆರಿದ ಕುಂಕುಮದ ಗೆರೆಗಳು.

“ಏನಾತೋ ಪರಮೂ?” ಲಕ್ಕವ್ವ ಇಳಿದು ಬಂದಳು.

“ಯವ್ವಾ, ನೀರು ಎಲ್ಲಿಗಿ ಹಾಕ್ತಿ ನೀ?”

“ಇದರ ಬಾಯಾಗ.” ಅವಳು ತೆರೆದ ಬಾನೆಟ್ಟನ್ನು ತೋರಿಸಿದಳು. “ಶುಭಕಾರ್ಯಕ್ಕ ಹೊಂಟ ಎತ್ತಿನ ಮಾರಿಗಿ ನೀರು ಹಾಕಲಾರದ ಹೂಡಬಾರದು ಅಂತಿದ್ದ ನಮ್ಮಪ್ಪ. ನೀ ಜಳಕಕ್ಕ ಹೋದಾಗ ನಾನ ಇದನ್ನ ಎತ್ತಿ ಒಂದು ತಂಬಿಗಿ ಹಾಕ್ತೇನಿ. ಆ ಕೆಲಸಕ್ಕ ಹೊಂಟ ದಿನ ಒಪ್ಪತ್ತು ಉಪವಾಸಾನೂ ಇರ್ತೇನಿ. ಹಿಂಗಿದ್ರೂ ಯಾಕ ಹಿಂಗ ಆಕ್ಕೈತೋ ಏನೋ ತಮ್ಮಾ.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಪೂಜೆದಾಗ ಏನರ ಕಡಿಮಿ ಬಿದ್ದೈತೇನು?”

ಗಾಳಿಗೆ ಕಬ್ಬಿನ ಗರಿಗಳು ಒಂದಕ್ಕೊಂದು ಉಜ್ಜಿಕೊಂಡವು. ಪರಮಾನಂದ ಎಸಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಮುಚ್ಚಳ ಒರೆಸಿ ಇದ್ದ ಹಾಗೇ ಕೂರಿಸಿದ.

“ಏನೂ ಕಡಿಮಿ ಬಿದ್ದಿಲ್ಲವ್ವ. ನಡಿ.”

ಒಳಗೆ ಕೂತು ಕೀಲಿ ತಿರುಗಿಸಿದ. ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದ ಊರು ಯಾವುದೂ ಉಳಿದಿರಲಿಲ್ಲ. ಕಾರು ಒಂದೇ ಸಲಕ್ಕೆ ಗುರ್ ಎಂದಿತು.

ಲಕ್ಕವ್ವನ ಮುಖ ಅರಳಿತು. ಹಿಂದಿನಿಂದ ಮಗನ ಹೆಗಲು ತಟ್ಟಿದಳು.

“ನೋಡಿದೇನು? ಬೆಳಿಗ್ಗಿ ಹಾಕಿದ ನೀರು ಈಗ ಫಲಾ ಕೊಟ್ಟೈತಿ. ಮುಂದಿನ ಸಲ ತಂಬಿಗಿ ಅಲ್ಲ, ಒಂದು ಕೊಡಾನ ಹಾಕ್ತೇನಿ.”