ನಲವತ್ತೆರಡು ಸೀಸೆಗಳಲ್ಲಿ ಒಂದು ಇಂಜಿನ್

ಗ್ರಂಥಪಾಲಕರಿಗೆ ಹೃದಯವೆಂಬುದು ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಕಪಾಟು ಇತ್ತು, ಆ ಕಪಾಟಿಗೆ ಸಂಖ್ಯೆಯೂ ಇತ್ತು. ಇದು ನೆರೆಹೊರೆಯವರ ಚಾಡಿಯಲ್ಲ. ನಲವತ್ತಮೂರು ವರ್ಷ ಅವರೊಡನೆ ಸಂಸಾರ ಮಾಡಿದ ಡಾಕ್ಟರಮ್ಮನ ತೀರ್ಪು. ತೀರ್ಪಿಗೆ ಆಧಾರವಿಲ್ಲದೆ ಇರಲಿಲ್ಲ. ಇಬ್ಬರ ಮದುವೆ ನಿಶ್ಚಯವಾಗಿದ್ದ ಕಾಲದಲ್ಲಿ, ಆಗಿನ್ನೂ ದಂತವೈದ್ಯಕೀಯ ಓದುತ್ತಿದ್ದ ಆಕೆ ಒಂದು ಪುಸ್ತಕವನ್ನು ಒಂಬತ್ತು ದಿನ ತಡವಾಗಿ ಹಿಂದಿರುಗಿಸಿದರು. ಕೈಹಿಡಿಯಲಿದ್ದ ಗಂಡು ತಲೆ ಎತ್ತದೆ, "ಒಂದು ತಿಂಗಳು ನಿಮಗೆ ಪುಸ್ತಕ ಕೊಡುವ ಹಾಗಿಲ್ಲ" ಎಂದರು. ಆ ತಿಂಗಳು ಮುಗಿಯುವುದರೊಳಗೆ ಮದುವೆಯಾಯಿತು. ಮಾರನೆಯ ದಿನವೂ ಪುಸ್ತಕ ಕೊಡಲಿಲ್ಲ.

ಹಾಗೆಂದು ಡಾಕ್ಟರಮ್ಮ ಸಾಧು ಪ್ರಾಣಿಯೇನಲ್ಲ. ಅವರ ಬಳಿ ಇಬ್ಬರು ಮಾತ್ರ ಕೂರಬಹುದಾದ, ಕೂತರೆ ನೆಲಕ್ಕೂ ದೇಹಕ್ಕೂ ಒಂದು ಗೇಣಷ್ಟೇ ಉಳಿಯುವ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಹಳೆಯ ಕಾರುಗಳ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಗುಡ್ಡದ ಓಟಕ್ಕೆ ಅದನ್ನು ಇಪ್ಪತ್ತೊಂದು ಬಾರಿ ಒಯ್ದಿದ್ದರು. ಇಪ್ಪತ್ತೊಂದು ಬಾರಿಯೂ ಅದರ ಪುಟ್ಟ ಇಂಜಿನ್ ಕೊನೆಯ ತಿರುವಿನಲ್ಲಿ ಏದುಸಿರು ಬಿಟ್ಟು ನಿಂತಿತ್ತು. ನೋಡಲು ಬಂದವರು ಇಳಿದು ತಳ್ಳಿದ್ದರು. ಎಪ್ಪತ್ತು ತುಂಬಿದವರ ಹೆಸರನ್ನು ಸಂಘವು ಚಾಲಕರ ಪಟ್ಟಿಯಿಂದ ತೆಗೆದುಹಾಕುತ್ತದೆ. ಡಾಕ್ಟರಮ್ಮನಿಗೆ ಮುಂದಿನ ತಿಂಗಳು ಎಪ್ಪತ್ತು. ಅಂದರೆ ಈ ಸಲದ ಓಟವೇ ಕಡೆಯದು. ಒಮ್ಮೆಯಾದರೂ ಯಾರೂ ತಳ್ಳದೆ ಗುಡ್ಡದ ತುದಿ ಮುಟ್ಟಬೇಕು, ಅಷ್ಟೇ ಅವರಿಗೆ ಬೇಕಾಗಿದ್ದುದು.

"ಇಂಜಿನ್ನನ್ನೇ ಬದಲಾಯಿಸ್ತೀನಿ" ಎಂದು ಓಟಕ್ಕೆ ಮೂರು ವಾರವಿರುವಾಗ ಬೆಳಗಿನ ಕಾಫಿಯ ಹೊತ್ತಿನಲ್ಲಿ ಘೋಷಿಸಿದರು. ಅದೇ ಕಂಪನಿಯ ದೊಡ್ಡ ಕಾರೊಂದರ ಇಂಜಿನ್ ಗುಜರಿಯಲ್ಲಿ ಸಿಕ್ಕಿತ್ತು.

"ಯಾರು ಬದಲಾಯಿಸೋದು?" ಎಂದರು ಗ್ರಂಥಪಾಲಕರು.

"ನಾನೇ. ಮೂವತ್ತೈದು ವರ್ಷ ಜನರ ಹಲ್ಲು ಕಿತ್ತಿದ್ದೀನಿ. ಇಂಜಿನ್ ಕೀಳೋದು ಅದಕ್ಕಿಂತ ಸುಲಭ. ಅದು ಕಿರುಚೋದಿಲ್ಲ, ಉಗುಳೋದಿಲ್ಲ, ಅರ್ಧಕ್ಕೇ ಎದ್ದು ಓಡೋದೂ ಇಲ್ಲ."

"ಕಿತ್ತ ಜಾಗದಲ್ಲಿ ಇನ್ನೊಂದನ್ನ ಕೂರಿಸಬೇಕಲ್ಲ."

"ಅದನ್ನೂ ಮಾಡಿದ್ದೀನಿ ಕಣ್ರೀ. ನಿಮ್ಮ ಬಾಯಲ್ಲೇ ನಾಲ್ಕಿದೆ."

ಗ್ರಂಥಪಾಲಕರು ಬಾಯಿ ಮುಚ್ಚಿಕೊಂಡರು.

ಕೀಳುವ ಕೆಲಸ ನಿಜಕ್ಕೂ ಸಲೀಸಾಗಿ ನಡೆಯಿತು. ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದ ಪಕ್ಕದ ಮನೆಯ ಮೇಸ್ತ್ರಿ ತಮ್ಮ ಚೈನ್ ಪುಲ್ಲಿಯನ್ನು ತಂದು ತೊಲೆಗೆ ಕಟ್ಟಿದರು. ಮೂರನೆಯ ದಿನ ಹಳೆಯ ಇಂಜಿನ್ ಗಾಳಿಯಲ್ಲಿ ತೂಗಾಡಿತು. ಹೊಸದು ಬರೀ ಬೋಳು ಇಂಜಿನ್. ಅದರ ಮುಚ್ಚಳ, ಪಂಪು, ಕೊಳವೆಗಳನ್ನೆಲ್ಲ ಹಳೆಯದರಿಂದಲೇ ಬಿಚ್ಚಿ ಜೋಡಿಸಬೇಕಿತ್ತು. ಡಾಕ್ಟರಮ್ಮ ಒಂದೊಂದಾಗಿ ಬಿಚ್ಚಿ, ಊಟದ ಮೇಜಿನ ಮೇಲೆ ಹಳೆಯ ದುಪ್ಪಟಿ ಹಾಸಿ, ಯಾವುದರ ಬೋಲ್ಟನ್ನು ಅದರ ಪಕ್ಕದಲ್ಲೇ ಸಾಲಾಗಿ ಇಟ್ಟರು. ಆಪರೇಷನ್ನಿನ ತಟ್ಟೆಯಂತೆ ಕಂಗೊಳಿಸುತ್ತಿದ್ದ ಆ ಮೇಜನ್ನು ನೋಡಿ ಹೆಮ್ಮೆಪಟ್ಟು, ಕಾಲು ಮುರಿದುಕೊಂಡಿದ್ದ ತಂಗಿಯನ್ನು ನೋಡಿಬರಲು ಎರಡು ದಿನ ಹೋದರು.

ಹಿಂದಿರುಗಿದಾಗ ಮೇಜು ಖಾಲಿ. ಗೋಡೆಯ ಪಕ್ಕದಲ್ಲಿ ನಲವತ್ತೆರಡು ಗಾಜಿನ ಸೀಸೆಗಳು ಮೂರು ಸಾಲಿನಲ್ಲಿ ನಿಂತಿದ್ದವು. ಪ್ರತಿಯೊಂದರ ಮೇಲೂ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದ ಚೀಟಿ.

"ಇದೇನ್ರೀ ಇದು?"

"ನಿನಗೆ ಸಹಾಯವಾಗಲಿ ಅಂತ" ಎಂದು ಗ್ರಂಥಪಾಲಕರು ಕನ್ನಡಕ ಒರೆಸಿಕೊಂಡರು. "ಮೊದಲು ದಪ್ಪ, ಆಮೇಲೆ ಉದ್ದ, ಆಮೇಲೆ ತಲೆಯ ಆಕಾರ. ಇನ್ನೂರ ಹದಿನಾರು ಬೋಲ್ಟು. ಒಂದೂ ತಪ್ಪಿಲ್ಲ."

"ನಾನು ಬಿಚ್ಚಿದ ಕ್ರಮದಲ್ಲೇ ಇಟ್ಟಿದ್ದೆನಲ್ಲ."

"ಬಿಚ್ಚಿದ್ದು ಕ್ರಮ ಅಲ್ಲ, ಅದು ಬರೀ ನಡೆದ ಘಟನೆ. ಯಾವ ಬೋಲ್ಟ್ ಬೇಕೋ ಹೇಳು, ಹತ್ತು ಸೆಕೆಂಡಿನಲ್ಲಿ ಕೊಡ್ತೀನಿ."

"ಯಾವುದು ಬೇಕು ಅಂತ ಗೊತ್ತಿದ್ದಿದ್ದು ಆ ಮೇಜಿಗೆ ಮಾತ್ರ."

ಡಾಕ್ಟರಮ್ಮ ಕುರ್ಚಿಯಲ್ಲಿ ಕುಸಿದರು. ಮೇಸ್ತ್ರಿ ಬಂದು ಸೀಸೆಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಶ್ರದ್ಧೆಯಿಂದ ಒಂದೊಂದನ್ನೂ ಓದಿದರು.

"ಡಾಕ್ಟರಮ್ಮ, ಮೂವತ್ತು ವರ್ಷ ಬಸ್ ಬಿಚ್ಚಿದ್ದೀನಿ. ಕಳೆದುಹೋದ ಬೋಲ್ಟ್ ನೋಡಿದ್ದೀನಿ, ಮುರಿದ ಬೋಲ್ಟ್ ನೋಡಿದ್ದೀನಿ. ಇಷ್ಟು ಮರ್ಯಾದೆಯಾಗಿ ಹಾಳಾಗಿರೋದನ್ನ ಮಾತ್ರ ನೋಡಿಲ್ಲ."

"ಈಗೇನು ಮಾಡೋದು, ಮೇಸ್ತ್ರಿಗಳೇ?"

"ಉದ್ದ ಹೆಚ್ಚಾದರೆ ತಳ ತಾಗಿ ನಿಲ್ಲುತ್ತೆ, ಹಿಡಿಯೋದಿಲ್ಲ. ಕಮ್ಮಿಯಾದರೆ ಕಿತ್ತು ಬರುತ್ತೆ. ಒಂದೊಂದು ತೂತಿನ ಆಳವೂ ಗೊತ್ತಾಗಬೇಕು. ಹೇಗೆ ಅಂತ ನನ್ನ ಕೇಳಬೇಡಿ. ನನ್ನ ಕಾಲದಲ್ಲಿ ಗಂಡಂದಿರು ಗ್ಯಾರೇಜಿಗೆ ಬರ್ತಿರಲಿಲ್ಲ."

ಹೇಗೆ ಎಂಬುದು ಡಾಕ್ಟರಮ್ಮನಿಗೆ ಹೊಳೆಯಲು ಒಂದಿಡೀ ದಿನದ ಶೋಕಾಚರಣೆ ಬೇಕಾಯಿತು. ಒಸಡು ಹಲ್ಲಿನಿಂದ ಎಷ್ಟು ಆಳಕ್ಕೆ ಬಿಟ್ಟುಕೊಂಡಿದೆ ಎಂದು ಅಳೆಯುವ ಸಲಾಕೆ, ಮಿಲಿಮೀಟರ್ ಗುರುತಿನದು, ಅವರ ಹಳೆಯ ಚೀಲದಲ್ಲಿತ್ತು. ಅದಕ್ಕಿಂತ ಆಳದ ತೂತಿಗೆ ತಂತಿಯೊಂದಕ್ಕೆ ಗುರುತು ಹಾಕಿಕೊಂಡರು. ಹಣೆಗೆ ದೀಪ ಕಟ್ಟಿಕೊಂಡು, ಇಂಜಿನ್ನಿನ ಮೇಲೆ ಬಾಗಿ ಒಂದೊಂದು ತೂತಿಗೂ ಸಲಾಕೆ ಇಳಿಸಿ ಕೂಗತೊಡಗಿದರು. ಗ್ರಂಥಪಾಲಕರು ಸ್ಟೂಲಿನ ಮೇಲೆ ಕೂತು ಬರೆದುಕೊಂಡರು.

"ಮೇಲೆ ಎಡಗಡೆ, ಹದಿನಾಲ್ಕು."

"ಹದಿನಾಲ್ಕು. ಎರಡನೇ ಸಾಲು, ಏಳನೇ ಸೀಸೆ. ಚೀಟಿ ಬರೆದುಕೊಡು."

"ಏನು ಚೀಟಿ?"

"ಹೊರಗೆ ಹೋಗೋ ಬೋಲ್ಟಿಗೆ ಲೆಕ್ಕ ಬೇಡವೇ?"

"ರೀ, ಅದು ವಾಪಸ್ ಬರೋದಿಲ್ಲ ಕಣ್ರೀ. ಅದು ಕಾರಿನಲ್ಲೇ ಇರುತ್ತೆ."

"ಹಾಗಾದರೆ ದೀರ್ಘಾವಧಿ ಎರವಲು" ಎಂದು ಗ್ರಂಥಪಾಲಕರು ತಾವೇ ಬರೆದುಕೊಂಡರು.

ಹೀಗೆ ಒಂಬತ್ತು ದಿನ. ಡಾಕ್ಟರಮ್ಮನ ಸೊಂಟ ಹಿಡಿದುಕೊಂಡಿತು. ಕನಸಿನಲ್ಲೂ ತೂತುಗಳು ಬಂದವು. ಅವಕ್ಕೆ ತುಟಿ ಮೂಡಿ, ಬೇಗ ಮುಗಿಸಿ ಎಂದು ಬೇಡಿಕೊಂಡವು. ಹೊಸ ಇಂಜಿನ್ ಎರಡು ಬೆರಳು ಎತ್ತರವಾಗಿದ್ದರಿಂದ ಬಾನೆಟ್ ಮುಚ್ಚಲಿಲ್ಲ. ಅದನ್ನು ಅರ್ಧ ತೆರೆದ ಬಾಯಂತೆಯೇ ಬಿಟ್ಟು ಬೆಲ್ಟಿನಿಂದ ಬಿಗಿದರು. ಗಂಡನನ್ನು ದಿನಕ್ಕೆ ಮೂರು ಹೊತ್ತು, ಔಷಧಿ ತೆಗೆದುಕೊಂಡಷ್ಟು ನಿಯಮವಾಗಿ ಬೈದರು. ಅವರು ಒಂದಕ್ಕೂ ಉತ್ತರ ಕೊಡಲಿಲ್ಲ. ಹೃದಯವಿದ್ದಿದ್ದರೆ ಒಮ್ಮೆಯಾದರೂ ಕೊಡುತ್ತಿದ್ದರು ಎಂಬುದು ಡಾಕ್ಟರಮ್ಮನ ವಾದ.

ಓಟ ಭಾನುವಾರ. ಶುಕ್ರವಾರ ಸಂಜೆ ಉಳಿದದ್ದು ಒಂದೇ ಕೆಲಸ: ಇಂಜಿನ್ನಿನ ತಲೆಯ ಮೇಲೆ, ಬಿಸಿನೀರು ಹೊರಗೆ ಹೋಗುವ ಬಾಯಿಗೆ ಎರಡು ಬೋಲ್ಟಿನ ಸಣ್ಣ ಮುಚ್ಚಳ ಕೂರಿಸುವುದು.

"ಅಳತೆ?" ಎಂದು ಗ್ರಂಥಪಾಲಕರು ಪೆನ್ಸಿಲ್ ಎತ್ತಿದರು.

"ಇದಕ್ಕೆಂಥಾ ಅಳತೆ. ಕಣ್ಣಿಗೇ ಗೊತ್ತಾಗುತ್ತೆ. ಅವೆರಡು ಕೊಡಿ."

"ಅಳೆಯದೆ ಕೊಟ್ಟರೆ..."

"ಕೊಡ್ರೀ ಅಂದರೆ."

ಕೊಟ್ಟರು. ಶನಿವಾರ ಮಧ್ಯಾಹ್ನ ಮೇಸ್ತ್ರಿಯ ಸಮ್ಮುಖದಲ್ಲಿ ಡಾಕ್ಟರಮ್ಮ ಇಂಜಿನ್ ಚಾಲೂ ಮಾಡಿದರು. ಅದು ಮೊದಲ ಸಲಕ್ಕೇ ಗುಡುಗಿತು. ಡಾಕ್ಟರಮ್ಮ ಇಳಿದು ಬಂದು, ಸಂತೋಷದಿಂದ ಬಾನೆಟ್ಟಿನೊಳಗೆ ಮುಖ ಒಡ್ಡಿದರು. ಐದು ನಿಮಿಷ ಕಳೆದು ಅದು ಉಗುಳಿತು. ಬೆಚ್ಚನೆಯ ತುಕ್ಕುನೀರು ಅವರ ಕನ್ನಡಕ, ಕೆನ್ನೆ, ಕುತ್ತಿಗೆಗಳ ಮೇಲೆ ಇಳಿಯಿತು.

ಮೇಸ್ತ್ರಿ ಇಂಜಿನ್ ಆರಿಸಿ, ಅದು ತಣ್ಣಗಾದ ಮೇಲೆ ಮುಚ್ಚಳ ಬಿಚ್ಚಿದರು. ಬೋಲ್ಟೊಂದನ್ನು ಅಂಗೈ ಮೇಲಿಟ್ಟು ತೂಗಿದರು.

"ಇದು ಎರಡು ನೂಲು ಉದ್ದ ಹೆಚ್ಚಾಯ್ತು. ತಳ ತಾಗಿ ನಿಂತಿದೆ, ಮುಚ್ಚಳಾನ ಹಿಡಿದೇ ಇಲ್ಲ. ನೀರು ಸೋರದ ಹಾಗೆ ಅಡಿಗೆ ಇಡೋ ಗ್ಯಾಸ್ಕೆಟ್ ಹರಿದು ಚಿಂದಿ. ಯಾರು ಹಾಕಿದ್ದು?"

ಡಾಕ್ಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸುವಷ್ಟು ಒರೆಸಿ ಮುಗಿದ ಮೇಲೂ ಸೆರಗನ್ನು ಮುಖದಿಂದ ತೆಗೆಯಲಿಲ್ಲ.

"ನಾನೇ."

ಬಿಡಿಭಾಗದ ಅಂಗಡಿಗಳು ಬಾಗಿಲು ಹಾಕಿದ್ದವು. ಇನ್ನು ತೆರೆಯುವುದು ಸೋಮವಾರ. ಸರಿಯಾದ ಬೋಲ್ಟನ್ನೇನೋ ಅಳೆದು ತೆಗೆಯಬಹುದಿತ್ತು, ಗ್ಯಾಸ್ಕೆಟ್ ಎಲ್ಲಿಂದ ತರುವುದು? ಚಪ್ಪಲಿ ಡಬ್ಬಿಯ ರಟ್ಟು ಕತ್ತರಿಸಿ ಇಟ್ಟರು. ಹತ್ತು ನಿಮಿಷದಲ್ಲಿ ನೆಂದು ಅಂಬಲಿಯಾಯಿತು. ಕ್ಯಾಲೆಂಡರಿನ ಹಾಳೆ ಮಡಿಸಿ ಇಟ್ಟರು. ಅದು ಇಂಜಿನ್ ಬಿಸಿಯಾಗುವ ತನಕವೂ ಕಾಯಲಿಲ್ಲ.

"ದಪ್ಪ ಕಾಗದ ಇರಬೇಕು, ಹಿಂದುಗಡೆ ಬಟ್ಟೆ ಅಂಟಿಸಿರಬೇಕು" ಎಂದರು ಮೇಸ್ತ್ರಿ. "ಗ್ರೀಸ್ ಸವರಿ ಕೂರಿಸಿದರೆ ಅದು ವಾರಗಟ್ಟಲೆ ತಡೆಯುತ್ತೆ. ಈಗ ಅಂಥ ಕಾಗದ ಯಾರು ಮಾಡ್ತಾರೆ? ಬಿಡಿ ಡಾಕ್ಟರಮ್ಮ, ಆಗಲಿಲ್ಲ ಅಂದರೆ ಆಗಲಿಲ್ಲ."

ಡಾಕ್ಟರಮ್ಮ ಕಾರಿನ ಮಡ್‌ಗಾರ್ಡಿನ ಮೇಲೆ ಕೂತರು. ನಾಳೆ ಈ ಹೊತ್ತಿಗೆ ಎಲ್ಲರೂ ಗುಡ್ಡ ಹತ್ತಿ ಇಳಿದಿರುತ್ತಾರೆ. ತಳ್ಳಿಸಿಕೊಳ್ಳುವ ಭಾಗ್ಯವೂ ಈ ಬಾರಿ ಇಲ್ಲ. ಗಂಡ ಏನಾದರೂ ಅನ್ನಲಿ ಎಂದು ಕಾದರು. 'ಅಳತೆ ಮಾಡು ಅಂದಿದ್ದೆ' ಎಂದಿದ್ದರೂ ತಲೆತಗ್ಗಿಸಿ ಕೇಳುತ್ತಿದ್ದರು. ಗ್ರಂಥಪಾಲಕರು ಪೆನ್ಸಿಲನ್ನು ಜೇಬಿಗೆ ಸಿಕ್ಕಿಸಿ, ಎದ್ದು ಒಳಗೆ ಹೋದರು.

ಅರ್ಧ ಗಂಟೆಯ ನಂತರ ಬಂದವರ ಕೈಯಲ್ಲಿ, ಎರಡೂ ಬದಿಗೆ ಗ್ರೀಸ್ ಮೆತ್ತಿ ಕಪ್ಪಾದ ಒಂದು ಗ್ಯಾಸ್ಕೆಟ್ ಇತ್ತು. ಅಂಚು ನುಣುಪು, ಎರಡು ತೂತೂ ಅಚ್ಚುಕಟ್ಟು. ಮೇಸ್ತ್ರಿ ಅದನ್ನು ಕೂರಿಸಿದರು. ಡಾಕ್ಟರಮ್ಮ ಈ ಸಲ ಸಲಾಕೆ ಇಳಿಸಿ, ಅಳೆದು, ಬೋಲ್ಟ್ ಬಿಗಿದರು. ಇಂಜಿನ್ ಹತ್ತು ನಿಮಿಷ ಓಡಿತು, ಇಪ್ಪತ್ತು ನಿಮಿಷ ಓಡಿತು. ಮೇಸ್ತ್ರಿ ಮುಚ್ಚಳದ ಸುತ್ತ ಬೆರಳಾಡಿಸಿ ತೋರಿಸಿದರು. ಒಂದು ಹನಿಯೂ ಇಲ್ಲ.

"ಸಾರ್, ಎಲ್ಲಿ ಸಿಕ್ಕಿತು ಇದು?" ಎಂದು ಕೇಳಿದರು. ಗ್ರಂಥಪಾಲಕರು ಸೀಸೆಗಳನ್ನು ಸಾಲಿಗೆ ಸರಿಸತೊಡಗಿದರು. ಮೇಸ್ತ್ರಿ ಪುಲ್ಲಿ ಬಿಚ್ಚಿಕೊಂಡು ಮನೆಗೆ ಹೋದರು.

ಡಾಕ್ಟರಮ್ಮ ಸುತ್ತಲಿನ ಗ್ರೀಸನ್ನು ಬಟ್ಟೆಯಿಂದ ಒರೆಸುತ್ತಿದ್ದಾಗ, ಮುಚ್ಚಳದ ಕೆಳಗಿನಿಂದ ಕಾಗದದ ಅಂಚು ಕೂದಲೆಳೆಯಷ್ಟು ಇಣುಕಿತು. ತಿಳಿನೀಲಿ. ಆ ನೀಲಿ ಅವರಿಗೆ ಗೊತ್ತಿತ್ತು. ಗಂಡ ಗಾಜಿನ ಬೀರುವಿನಲ್ಲಿ ಮಲಗಿಸಿಟ್ಟಿದ್ದ ದೊಡ್ಡ ಭೂಪಟ ಸಂಪುಟದ ಸಮುದ್ರದ ಬಣ್ಣ ಅದು. ನೂರು ವರ್ಷ ಹಳೆಯದು, ಬಟ್ಟೆಯ ಬೆನ್ನಿನ ಹಾಳೆಗಳು. ಮೊಮ್ಮಕ್ಕಳು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮಾತ್ರ ನೋಡಬಹುದಾಗಿದ್ದ ಪುಸ್ತಕ.

ಅವರು ಬಟ್ಟೆಯನ್ನು ಕೆಳಗಿಟ್ಟರು.

"ಯಾವ ಪುಟ?"

ಗ್ರಂಥಪಾಲಕರು ಸ್ಟೂಲಿನ ಕೆಳಗೆ ಬಿದ್ದಿದ್ದ ಚೀಟಿಗಳನ್ನು ಆರಿಸುತ್ತಿದ್ದರು; ತಲೆ ಎತ್ತಲಿಲ್ಲ.

"ಅದರಲ್ಲಿ ಊರುಗಳೇನೂ ಇರಲಿಲ್ಲ" ಎಂದರು. "ಬರೀ ನೀರು."