ನನ್ನ ಮೈದುನನ ಎರಡು ಏಕಾದಶಿ

ನನ್ನ ಮೈದುನನಿಗೆ ಒಂದು ಲೋಟ ನೀರು ಬಗ್ಗಿಸಿಕೊಳ್ಳಲೂ ಬರುತ್ತಿರಲಿಲ್ಲ. ಆದರೆ ನೀರು ಬಗ್ಗಿಸಿಕೊಳ್ಳುವುದು ಹೇಗೆಂದು ಬರೆದುಕೊಡು ಎಂದರೆ ಊಟ ಬಿಟ್ಟು ಮೂರು ಪುಟ ಬರೆಯುತ್ತಿದ್ದ! ಅಂಥವನನ್ನು, ದೇಶದಲ್ಲಿ ಮೊದಮೊದಲು ಕಂಪ್ಯೂಟರ್ ವಿದ್ಯೆ ಕಲಿತವರಲ್ಲಿ ಒಬ್ಬ ಎಂದು ಈಗ ಕರೆದು ಶಾಲು ಹೊದಿಸುತ್ತಾರೆ. ಹೊದಿಸಲಿ. ಆ ಶಾಲನ್ನು ಮಡಿಸಿಡುವುದು ಅವನಿಗೆ ಇವತ್ತಿಗೂ ಬಾರದು.

ಎಪ್ಪತ್ತರ ದಶಕದ ಮಾತು. ನಮ್ಮ ಆದೋನಿಯಲ್ಲಿ ಕಂಪ್ಯೂಟರ್ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ. ಇವನಿದ್ದದ್ದು ಹೈದರಾಬಾದಿನಲ್ಲಿ. ರಜೆಗೆ ಬಂದಾಗ ಕಟ್ಟೆಯ ಮೇಲೆ ಕೂತು, ತನ್ನ ಯಂತ್ರ ಒಂದು ಕೋಣೆಯಷ್ಟು ದೊಡ್ಡದೆಂದೂ ಅದಕ್ಕೆ ಸದಾ ತಂಪು ಗಾಳಿ ಬೇಕೆಂದೂ ವರ್ಣಿಸುತ್ತಿದ್ದ. ಎದುರುಮನೆಯ ಹತ್ತಿ ವ್ಯಾಪಾರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಸಾಮೀ, ಹತ್ತಿಯಾಗಿನ ಬೀಜ ತೆಗಿತೈತಾ?" ಎಂದ. ಇಲ್ಲವೆಂದು ತಿಳಿದಾಗ ಅವನ ಮುಖದ ಮೇಲೆ ಮೂಡಿದ ಕನಿಕರ ನೋಡಬೇಕಿತ್ತು!

ನಮ್ಮ ಮಾವನವರಿಗೆ ಆ ಕನಿಕರವೂ ಇರಲಿಲ್ಲ. ಅವರು ಪಂಚಾಂಗದ ಗಣಿತ ಮಾಡುವವರು. ಏಕಾದಶಿ ಯಾವತ್ತು ಎಂದು ಕೇಳಲು ನಂದವರಂ, ಪೆದ್ದಕಡುಬೂರಿನಿಂದೆಲ್ಲ ನಮ್ಮ ಮನೆಗೆ ಜನ ಬರುತ್ತಿದ್ದರು. ಅದೇ ಗಣಿತವನ್ನು ಯಂತ್ರಕ್ಕೆ ಕಲಿಸುತ್ತೇನೆಂದು ಮಗ ಹೇಳಿದ ದಿನದಿಂದ ಅವನೊಂದಿಗೆ ಮಾತು ಕಡಿಮೆಯಾಗಿತ್ತು. ಮೈದುನನಿಗೆ ಬೇಕಾಗಿದ್ದದ್ದು ಒಂದೇ: ತನ್ನ ಕೆಲಸ ನೋಡಿ ಅಪ್ಪ ಒಮ್ಮೆ "ಸರಿ ಅದ" ಅನ್ನಬೇಕು. ಅಷ್ಟು ಓದಿದವನಿಗೆ ಇಷ್ಟೇ ಆಸೆಯೇ ಎಂದು ನನಗೆ ನಗು.

ಇದರ ನಡುವೆ, ಯಂತ್ರಕ್ಕೆ ಕೆಲಸ ಹೇಳುವುದು ಹೇಗೆ ಎಂದು ಕನ್ನಡದಲ್ಲಿ ಒಂದು ಪುಸ್ತಕ ಬೇರೆ ಬರೆಯುತ್ತಿದ್ದ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಅತ್ತಿಗೆಗೆ ತಿಳಿದರೆ ಯಾರಿಗಾದರೂ ತಿಳಿಯುತ್ತದೆ ಎಂದು ಒಂದೊಂದು ಅಧ್ಯಾಯವನ್ನೂ ನನಗೆ ಓದಿ ಹೇಳಬೇಕು! ಒಂದು ಬೆಳಿಗ್ಗೆ ಒಲೆಯ ಪಕ್ಕಕ್ಕೇ ಬಂದು ನಿಂತ. ನಾನೇ ಯಂತ್ರ, ಉಗ್ಗಾಣಿ ಮಾಡುವುದು ಹೇಳಿ, ಹೇಳಿದಷ್ಟೇ ಮಾಡುತ್ತೇನೆ ಎಂದ. ಒಗ್ಗರಣೆ ಕಾಯುತ್ತಿತ್ತು. ಮಂಡಕ್ಕಿ ನೀರಿಗೆ ಹಾಕು, ನೆನೆದ ಮೇಲೆ ತೆಗೆದು ಒಗ್ಗರಣೆಗೆ ಸುರಿ, ಪುಟಾಣಿ ಪುಡಿ ಉದುರಿಸು ಎಂದೆ. ಪುಣ್ಯಾತ್ಮ ಹಾಗೇ ಮಾಡಿದ. ಸೊರಸೊರ ನೀರು ಸುರಿಯುವ ಮಂಡಕ್ಕಿ ಕಾದ ಎಣ್ಣೆಗೆ ಬಿದ್ದು, ನಾವಿಬ್ಬರೂ ಅಂಗಳಕ್ಕೆ ಓಡಬೇಕಾಯಿತು.

"ಹಿಂಡಿ ಹಾಕಬಾರದೇನಪ್ಪಾ?"

"ನೀವು ಹೇಳಲಿಲ್ಲಲ್ರಿ ಅತ್ತಿಗೀ."

"ಅದನ್ನೂ ಹೇಳಬೇಕೇನು? ಎಲ್ಲಾರಿಗೂ ಗೊತ್ತಿರೋದೇ."

"ಯಂತ್ರಕ್ಕ ಗೊತ್ತಿರೂದಿಲ್ರಿ," ಎಂದು, ಅಂಬಲಿಯಂತಾಗಿದ್ದ ಆ ಉಗ್ಗಾಣಿಯನ್ನು ಗೆದ್ದವನ ಹಾಗೆ ಪೂರ್ತಿ ತಿಂದ.

ಮುಂದಿನ ರಜೆಗೆ ಯಂತ್ರ ಬರೆದ ಒಂದು ವರ್ಷದ ಏಕಾದಶಿಗಳನ್ನು ತಂದ. ಕಾಗದವೋ, ಹೆಬ್ಬಾಗಿಲಿನಿಂದ ಹಿತ್ತಲಿನವರೆಗೆ ಹಾಸಬಹುದಾದಷ್ಟು ಉದ್ದ! ಮಾವನವರು ಸ್ಲೇಟು ಹಿಡಿದು ಅದರ ಪಕ್ಕದಲ್ಲೇ ಬಗ್ಗಿ ಬಗ್ಗಿ ನಡೆದರು. ಬರುವ ವಾರದ ಏಕಾದಶಿಗೇ ನಿಂತರು. ಯಂತ್ರ ಭಾನುವಾರ ಎಂದಿತ್ತು, ಅವರ ಸ್ಲೇಟು ಸೋಮವಾರ. ತಪ್ಪಿದೆ ಎಂದರು. ಯಂತ್ರ ತಪ್ಪುವುದಿಲ್ಲ ಎಂದ ಮಗ.

"ಹಂಗಾದ್ರ ನೀನು ಯಂತ್ರದ ಏಕಾದಶಿ ಮಾಡು," ಎಂದು ಅವರು ಎದ್ದುಹೋದರು.

ಮಾಡಿದ! ಭಾನುವಾರ ನಾವೆಲ್ಲ ಮೆಂತ್ಯದ ಹುಳಿ ಕಲಸಿಕೊಂಡು ಊಟ ಮಾಡುವಾಗ ಅವನು ಕಂಬಕ್ಕೊರಗಿ ಪುಸ್ತಕ ಓದುತ್ತಿದ್ದ. ಹಾಳೆ ಮಾತ್ರ ತಿರುಗಿಸುತ್ತಿರಲಿಲ್ಲ. ಸೋಮವಾರ ಹಸಿದು ಅಡುಗೆಮನೆಗೆ ಬಂದ. ಒಲೆಯೇ ಹಚ್ಚಿಲ್ಲ. ಮನೆಗೆಲ್ಲ ಅವತ್ತು ಏಕಾದಶಿ! ಅಪ್ಪನ ಎದುರು ಹೋಟೆಲಿಗೆ ಹೋಗಿ ತಿನ್ನುವ ಧೈರ್ಯ ಅವನಿಗಿರಲಿಲ್ಲ. ನಮ್ಮ ವಂಶದಲ್ಲಿ ಒಂದೇ ಏಕಾದಶಿಯನ್ನು ಎರಡು ದಿನ ಮಾಡಿದವನು ಅವನೊಬ್ಬನೇ.

ಸೊರಗಿ ಕೂತವನನ್ನು ನೋಡಿ ನಾನೇ ಕೇಳಿದೆ. ನಾವು ವೈಷ್ಣವರು. ಹೊತ್ತು ಹುಟ್ಟುವಾಗ ಏಕಾದಶಿ ಇದ್ದರೆ ಸಾಲದು, ಅದಕ್ಕೂ ಮುಂಚೆ ಅರುಣೋದಯಕ್ಕೆ ದಶಮಿ ಉಳಿದಿದ್ದರೆ ಉಪವಾಸವನ್ನು ಮರುದಿನಕ್ಕೆ ಹಾಕುತ್ತೇವೆ. ಅದನ್ನು ಯಂತ್ರಕ್ಕೆ ಹೇಳಿದ್ದೀಯಾ ಎಂದೆ.

ಅವನು ನೆಟ್ಟಗೆ ಕೂತ. "ಅದು ಎಲ್ಲಾರಿಗೂ ಗೊತ್ತಿರೂದೇ ಅಲ್ಲೇನ್ರಿ ಅತ್ತಿಗೀ?"

"ಮಂಡಕ್ಕಿ ಹಿಂಡೋದೂ ಗೊತ್ತಿರೋದೇ ಇತ್ತಪ್ಪಾ."

ಮಂಗಳವಾರ ಪಾರಣೆಗೆ ಅವನು ಉಂಡ ಪರಿಗೆ ನಾನು ಎರಡನೇ ಸಲ ಅನ್ನಕ್ಕಿಟ್ಟೆ. ಕೈ ತೊಳೆದವನೇ ನೋಟ್‌ಬುಕ್ ಹಿಡಿದು ಕೂತ. ಮುಂದೆ ಅಚ್ಚಾದ ಅವನ ಪುಸ್ತಕದಲ್ಲಿ ಉಗ್ಗಾಣಿಯೂ ಇದೆ, ಈ ಏಕಾದಶಿಯೂ ಇದೆ. ಎರಡು ದಿನ ಹಸಿದ ಸಂಗತಿ ಮಾತ್ರ ಇಲ್ಲ.

ಮರುವರ್ಷ ತಿದ್ದಿದ ಕಾಗದ ತಂದ. ಅಷ್ಟರಲ್ಲಿ ಮಾವನವರ ಕಣ್ಣಿಗೆ ಪೊರೆ ಬಂದು ಸ್ಲೇಟೂ ಕಾಣುತ್ತಿರಲಿಲ್ಲ. ನನ್ನನ್ನು ಓದು ಎಂದರು. ಯಂತ್ರಕ್ಕೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು. ಮೈದುನ ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಟ್ಟ. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಅವರು ಕಣ್ಣು ಮುಚ್ಚಿ ಬೆರಳ ಗೆಣ್ಣುಗಳ ಮೇಲೆ ಗುಣಿಸುತ್ತಾ ಹೋದರು. ದಶಮಿ ತಾಗಿದ್ದ ಒಂದು ಏಕಾದಶಿ ಬಂತು. ಯಂತ್ರ ಅದನ್ನು ಮರುದಿನಕ್ಕೆ ಹಾಕಿತ್ತು.

"ಇನ್ನೊಮ್ಮೆ ಓದಮ್ಮಾ."

ಓದಿದೆ. ಅವರ ಬೆರಳು ನಿಂತಿತು. "ಪೆಟ್ಟಿಗಿಯೊಳಗ ಇಡು," ಎಂದರು.

ಅವರ ತಾತ ಬರೆದಿಟ್ಟ ಗಣಿತ ಇರುವ ಮಡಿ ಪೆಟ್ಟಿಗೆ ಅದು. ನಾನು ಗಾಬರಿಯಾಗಿ, ಇದು ರೈಲಿನಲ್ಲಿ ಬಂದ ಕಾಗದ, ಮೈಲಿಗೆ ಎಂದೆ.

"ಕಾಗದ ಒಗಿಲಿಕ್ಕೆ ಬರ್ತದೇನು? ಹಂಗೇ ಇಡು."

"ಸರಿ ಅದ" ಎಂದು ಬಾಯಿಬಿಟ್ಟು ಅನ್ನಲೇ ಇಲ್ಲ ಹಿರಿಯರು. ಮೈದುನ ಎದ್ದು ಹಿತ್ತಲಿಗೆ ಹೋದ. ಹೋಗಿ ನೋಡಿದರೆ, ಒಂದು ಲೋಟ ನೀರು ಬಗ್ಗಿಸಿಕೊಳ್ಳಲು ಬಾರದವನು ತಂಬಿಗೆ ಮೇಲೆ ತಂಬಿಗೆ ನೀರು ಮುಖಕ್ಕೆ ಹಾಕಿಕೊಳ್ಳುತ್ತಿದ್ದಾನೆ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಕಾಲ. ಬೈಯಬೇಕೆಂದೇ ಹೋಗಿದ್ದೆ. ಇನ್ನೊಂದು ಕೊಡ ತುಂಬಿ ಅವನ ಪಕ್ಕಕ್ಕಿಟ್ಟು ಬಂದೆ.